ಮದುವೆಯ ಕರೆಯೋಲೆಗೆ ಯಾವ ಅಕ್ಷರ? ‘ತ್ಸ್ನಾ’ ಸರಿಯಾಗಿ ಕೂರಬೇಕು

ಬೆಳದಿಂಗಳು (ಸಾಗರ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ 26ರ ಭಾನುವಾರ ನನ್ನ ಮದುವೆ. ಮೇ 17ಕ್ಕೆ ಅಧಿಕ ಜ್ಯೇಷ್ಠ ಹಿಡಿಯುತ್ತದೆ. ಅದರೊಳಗೆ ಮುಗಿಸಬೇಕೆಂದು ಊರಿಗೆ ಊರೇ ಛತ್ರಗಳ ಮುಂದೆ ನಿಂತಿದೆ. ನಮಗೆ ಒಂದು ಸಿಕ್ಕಿದ್ದೇ ಪುಣ್ಯ. ಅಡುಗೆಯವರು, ಸೀರೆ, ವಾಲಗ ಎಲ್ಲವೂ ಅಮ್ಮನ ಸುಪರ್ದಿಗೆ ಹೋಗಿವೆ. ಲಗ್ನಪತ್ರಿಕೆಯೊಂದನ್ನು ನಾನೇ ಮಾಡಿಸುತ್ತೇನೆ ಎಂದು ಹಟ ಮಾಡಿ ಇಟ್ಟುಕೊಂಡೆ. ಆರು ವಾರವಾಯಿತು, ಇನ್ನೂ ಅಕ್ಷರ ಆರಿಸುವುದರಲ್ಲೇ ಇದ್ದೇನೆ.

ಮೊದಲು ಎಲ್ಲರಂತೆ ಅಂಗಡಿಗೇ ಹೋಗಿದ್ದೆ. ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಗೋಡೆಯುದ್ದಕ್ಕೂ ಪತ್ರಿಕೆ ಜೋಡಿಸಿಟ್ಟ ಒಂದು ಅಂಗಡಿ. ಅಲ್ಲಿಯವರು ಇಂಗ್ಲಿಷ್ ಅಕ್ಷರಗಳ ದಪ್ಪ ಪುಸ್ತಕವೊಂದನ್ನು ನನ್ನ ಮುಂದಿಟ್ಟರು. ಬಳ್ಳಿಯಂತೆ ಹಬ್ಬಿದ್ದು, ರಾಜಮುದ್ರೆಯಂಥದ್ದು, ಸೂಜಿಯಷ್ಟು ತೆಳುವಿನದು, ಅರವತ್ತಕ್ಕೂ ಹೆಚ್ಚು ಬಗೆ. ಕನ್ನಡಕ್ಕೆ? "ಕನ್ನಡಕ್ಕೆ ಇದೊಂದೇ ಮೇಡಂ, ಎಲ್ಲರೂ ಇದನ್ನೇ ಹಾಕಿಸುತ್ತಾರೆ." ಅದು ಬಾಡಿಗೆ ಕರಾರುಪತ್ರದಲ್ಲಿ, ಬಸ್ ನಿಲ್ದಾಣದ ಸೂಚನಾಫಲಕದಲ್ಲಿ, ಕಳೆದ ವರ್ಷದ ನಮ್ಮ ಅಜ್ಜನ ವೈಕುಂಠ ಸಮಾರಾಧನೆಯ ಪತ್ರದಲ್ಲಿ ಕಂಡ ಅದೇ ಅಕ್ಷರ. ನಾನು ಪುಸ್ತಕ ಮುಚ್ಚಿ ಎದ್ದು ಬಂದೆ.

ಕೆಲಸ ಲೆಕ್ಕಪರಿಶೋಧಕರ ಕಚೇರಿಯಲ್ಲಿ. ಆದ್ದರಿಂದ ಮನೆಗೆ ಬಂದವಳೇ ಒಂದು ಎಕ್ಸೆಲ್ ಹಾಳೆ ತೆರೆದೆ. ಈಗ ಅದರಲ್ಲಿ 23 ಕನ್ನಡ ಫಾಂಟುಗಳಿವೆ, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕವಿದೆ. ನೋಟೊ ಸೆರಿಫ್ ಕನ್ನಡ ಶಿಸ್ತಿನ ಮನುಷ್ಯನಂತಿದೆ, ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕದಲ್ಲೂ ಸಿಗುತ್ತದೆ. ಅನೇಕ್ ಕನ್ನಡವನ್ನು ಅಗಲಕ್ಕೆ ಬೇಕಾದರೆ ಅಗಲಕ್ಕೆ, ಇಕ್ಕಟ್ಟಿಗೆ ಬೇಕಾದರೆ ಇಕ್ಕಟ್ಟಿಗೆ ಎಳೆಯಬಹುದು. ಬಾಲೂ ತಮ್ಮ ಗುಂಡುಗುಂಡಗೆ ಮುದ್ದಾಗಿದೆ. ನಾಮಕರಣದ ಪತ್ರಿಕೆಗೆಂದು ಅದನ್ನು ತೆಗೆದಿಟ್ಟಿದ್ದೇನೆ (ಅಮ್ಮನಿಗೆ ಹೇಳಬೇಡಿ). ಅಕಯಾ ಕನಡಕದಲ್ಲಿ ಕೈಬರಹದ ಲವಲವಿಕೆಯಿದೆ. ಟೈರೊ ಕನ್ನಡ ನೋಡಿದರೆ ಹಳೆಯ ಒಳ್ಳೆಯ ಪುಸ್ತಕದ ಪುಟ ತೆರೆದಂತಾಗುತ್ತದೆ. ಹಾರ್ವರ್ಡಿನ ಮೂರ್ತಿ ಶಾಸ್ತ್ರೀಯ ಗ್ರಂಥಮಾಲೆಗೆಂದು ಮಾಡಿಸಿದ್ದಂತೆ, ಈಗ ಎಲ್ಲರಿಗೂ ಉಚಿತ. ಮನಸ್ಸು ಅದರ ಕಡೆಗೇ ಎಳೆಯುತ್ತಿದೆ.

ತೊಡಕಿರುವುದು ನನ್ನ ಹೆಸರಿನಲ್ಲಿ. ಜ್ಯೋತ್ಸ್ನಾ. ಮೂರೂ ಅಲ್ಲ, ಎರಡೇ ಅಕ್ಷರದ ಹೆಸರು. ಆದರೆ ಆ ಎರಡರಲ್ಲಿ ಮೂರು ಒತ್ತು ತುರುಕಿಟ್ಟಿದ್ದಾರೆ ನಮ್ಮಪ್ಪ. ಪಡಿತರ ಚೀಟಿಯಲ್ಲಿ ನಾನು ‘ಜೋಸ್ನ’. ಶಾಲೆಯ ಬಹುಮಾನ ಪತ್ರದಲ್ಲಿ ‘ಜ್ಯೋತ್ನ್ಸಾ’. ಗ್ಯಾಸ್ ಪುಸ್ತಕದಲ್ಲಿ ‘ಜೋತ್ಸನ’. ಹುಟ್ಟಿ ಇಪ್ಪತ್ತೊಂಬತ್ತು ವರ್ಷವಾಯಿತು, ಹೆಸರು ಸರಿಯಾಗಿ ಅಚ್ಚಾದದ್ದನ್ನು ನಾನು ಕಂಡಿಲ್ಲ. ಮದುವೆಯ ಪತ್ರಿಕೆಯಲ್ಲಾದರೂ ಆಗಬೇಕು ಎನ್ನುವುದೇ ಈ ಹಟದ ಮೂಲ.

ಇಪ್ಪತ್ತಮೂರೂ ಫಾಂಟಿನಲ್ಲಿ ಹೆಸರನ್ನು ದೊಡ್ಡದಾಗಿ ಮುದ್ರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಕೆಲವುಗಳಲ್ಲಿ ಸ-ಒತ್ತಿನ ಕೆಳಗೆ ನ-ಒತ್ತು ಇನ್ನೊಂದು ಮೆಟ್ಟಿಲು ಇಳಿದು ಬಾವಿಯೊಳಗೆ ನಿಂತಂತಿದೆ. ಕೆಲವುಗಳಲ್ಲಿ ಪಕ್ಕಕ್ಕೆ ಸರಿದು ಮುಂದಿನ ಪದದ ಕೆಳಗೆ ನುಸುಳಿದೆ. ‘ಜ್ಯೋ’ದಲ್ಲಿ ಯ-ಒತ್ತಿನ ಬಾಲ ಮೇಲೇರುವ ಜಾಗಕ್ಕೇ ದೀರ್ಘವೂ ಬಂದು ಕುಳಿತು, ಒಂದರ ಮೈಮೇಲೆ ಒಂದು ಒರಗಿವೆ. ಹುಡುಗನ ಹೆಸರು ಕಾರ್ತಿಕ್. ಒಂದು ಅರ್ಕಾವತ್ತು, ಮುಗಿಯಿತು. ಅವರು ಧಾರವಾಡದಲ್ಲಿ ಕುಳಿತು "ನಿಮಗೆ ಯಾವುದು ಸರಿ ಕಾಣುತ್ತದೋ ಅದೇ ಇರಲಿ" ಎನ್ನುತ್ತಾರೆ. ಅವರಿಗೇನು.

ಇನ್ನು ಅಪ್ಪ. ಅವರಿಗೆ ಎಪ್ಪತ್ತೊಂದು. ಅವರ ಪ್ರಕಾರ ಲಗ್ನಪತ್ರಿಕೆಯೆಂದರೆ ಕುಂಕುಮದ ಬಣ್ಣದ ಕಾಗದ, ಮೇಲೆ ಹೊಳೆಯುವ ಚಿನ್ನದ ಅಕ್ಷರ, ನೆತ್ತಿಯಲ್ಲಿ ಗಣಪತಿ. ನನಗೆ ಬೇಕಾದದ್ದು ಕೆನೆಬಣ್ಣದ ದಪ್ಪ ಕಾಗದ, ಕಡುಕೆಂಪು ಶಾಯಿ, ಗಣಪತಿ ಇದ್ದರೂ ಸಣ್ಣವನು. ಕಾರ್ತಿಕ್ ಅವರ ಕಚೇರಿಯವರಿಗಾಗಿ ಇಂಗ್ಲಿಷ್ ಬೇರೆ ಬೇಕು. ಅದನ್ನು ಅದೇ ಪುಟದಲ್ಲಿ ಹಾಕಬೇಕೋ, ಹಿಂದೆ ಹಾಕಬೇಕೋ? ದಿನಾಂಕಕ್ಕೆ ಕನ್ನಡ ಅಂಕಿ ಹಾಕಿದರೆ ಜನ ಓದುತ್ತಾರೆಯೇ?

ಕೊನೆಯದಾಗಿ ನಗಬೇಡಿ. ಯುಗಾದಿ ಕಳೆದರೆ ಬರುವ ಸಂವತ್ಸರದ ಹೆಸರು ‘ಪರಾಭವ’. ಪತ್ರಿಕೆಯ ಮೊದಲ ಸಾಲಿನಲ್ಲೇ ‘ಸ್ವಸ್ತಿ ಶ್ರೀ ಪರಾಭವ ನಾಮ ಸಂವತ್ಸರ’ ಎಂದು ಬರಬೇಕಂತೆ. ಆ ಸಾಲನ್ನು ಆದಷ್ಟು ಸಣ್ಣ ಅಕ್ಷರದಲ್ಲಿ ಹಾಕುವುದು ಹೇಗೆ ಎಂಬುದನ್ನೂ ಯಾರಾದರೂ ತಿಳಿಸಿ.

ಮೊಳೆಗಾರ (ಗದಗ)

ತಂಗಿ, ಮೊದಲು ಪರಾಭವದ ಮಾತು ಮುಗಿಸೋಣ. ಅರವತ್ತು ವರ್ಷಕ್ಕೊಮ್ಮೆ ಬರುವ ಹೆಸರು ಅದು, ಹಿಂದೆ ಬಂದದ್ದು 1966ರಲ್ಲಿ. ಕುವೆಂಪು ಅವರು ಮಗ ತೇಜಸ್ವಿಯವರಿಗೆ ಮಂತ್ರಮಾಂಗಲ್ಯದ ಮದುವೆ ಮಾಡಿಸಿದ್ದು ಅದೇ ವರ್ಷದ ನವೆಂಬರಿನಲ್ಲಿ. ಆ ಸಂಸಾರಕ್ಕೆ ಯಾವ ಪರಾಭವವೂ ಆಗಲಿಲ್ಲ. ಹೋದ ವರ್ಷದ ಹಿಂದಿನದು ‘ಕ್ರೋಧಿ’ ಸಂವತ್ಸರ. ಆಗ ಮದುವೆಯಾದವರೆಲ್ಲ ಬಡಿದಾಡುತ್ತಿದ್ದಾರೆಯೇ? ಉಳಿದ ಸಾಲಿನ ಅಳತೆಯಲ್ಲೇ ಅದನ್ನೂ ಹಾಕಿ. ಸಣ್ಣದು ಮಾಡಿದರೆ ಜನ ಕಣ್ಣು ಕಿರಿದು ಮಾಡಿ ಅದನ್ನೇ ಓದುತ್ತಾರೆ.

ನಾನು 1978ರಿಂದ ಇಪ್ಪತ್ತು ವರ್ಷ ಗದಗಿನಲ್ಲಿ ಅಚ್ಚುಮೊಳೆ (ಸೀಸದ ಬಿಡಿ ಅಕ್ಷರ) ಜೋಡಿಸಿದವನು. ಬೇಸಿಗೆ ಬಂದರೆ ನಮಗೆ ರಾತ್ರಿ ಪಾಳಿ, ಬರೀ ಲಗ್ನಪತ್ರಿಕೆ. ಆಗ ಮೊದಲು ಖಾಲಿಯಾಗುತ್ತಿದ್ದ ಮೊಳೆ ಯಾವುದು ಹೇಳಿ ನೋಡೋಣ. ‘ಶ್ರೀ’. ಒಂದು ಪತ್ರಿಕೆಯಲ್ಲಿ ದೇವರಿಗೊಂದು, ಬೀಗರಿಗೊಂದು, ಅಜ್ಜನಿಗೊಂದು, ಸೋದರಮಾವಂದಿರಿಗೆ ತಲಾ ಒಂದು, ಛತ್ರದ ಹೆಸರಿಗೂ ಒಂದು. ಹದಿನಾಲ್ಕು, ಹದಿನೈದು ಶ್ರೀ ಸುಮ್ಮನೆ ಹೋಗುತ್ತಿದ್ದವು. ಮೊಳೆಗಳ ಕೇಸಿನಲ್ಲಿ ಆ ಮನೆ ಬರಿದಾದರೆ, ಟ್ರೆಡಲ್ ಅಚ್ಚುಯಂತ್ರದ ಮೇಲಿದ್ದ ಪತ್ರಿಕೆ ಅಚ್ಚಾಗಿ, ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಕೊಡುವವರೆಗೆ ಇನ್ನೊಂದು ಮನೆಯ ಮದುವೆ ಕೈಕಟ್ಟಿ ಕೂರಬೇಕಾಗಿತ್ತು.

ನಿಮ್ಮ ‘ತ್ಸ್ನಾ’ ಹೊಸ ಕಷ್ಟವಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದವರು ಕಿಟ್ಟೆಲ್ ನಿಘಂಟು ಅಚ್ಚು ಹಾಕಿದಾಗ ಇಂಥವನ್ನು ಸಾವಿರಗಟ್ಟಲೆ ಕಂಡಿದ್ದಾರೆ. ಸಂಸ್ಕೃತದ ಎಂಥೆಂಥ ಒತ್ತುಗಳು ಅದರಲ್ಲಿ ತಣ್ಣಗೆ ಕುಳಿತಿವೆ, ಒಮ್ಮೆ ತೆಗೆದು ನೋಡಿ. ನಮ್ಮ ಕಾಲದಲ್ಲಿ ಒತ್ತಿಗೆ ಬೇರೆ ಮೊಳೆ. ಅದು ಅಕ್ಷರದ ಹೊಟ್ಟೆಯ ಕೆಳಗಲ್ಲ, ಬಲಗಡೆಗೆ ಸರಿದು ಕೆಳಗೆ ನಿಲ್ಲುತ್ತಿತ್ತು. ಎರಡನೆಯ ಒತ್ತು ಬಂದರೆ ಮೊದಲನೆಯದರ ಪಕ್ಕಕ್ಕೆ. ಕಣ್ಣಿಗೆ ಅದೇ ರೂಢಿ. ಆದ್ದರಿಂದ ಬಾವಿಗೆ ಇಳಿಯುವ ಫಾಂಟುಗಳನ್ನು ಬೀರುವಿನಿಂದ ಕಿತ್ತುಹಾಕಿ. ಪಕ್ಕಕ್ಕೆ ನಿಲ್ಲುವವನ್ನಷ್ಟೇ ಉಳಿಸಿಕೊಳ್ಳಿ. ನುಸುಳುವುದು ನಿಮ್ಮ ಹೆಸರಿನ ನಂತರದ ಪದದ ಕೆಳಗೆ ತಾನೇ? ಹೆಸರನ್ನು ಸಾಲಿನಲ್ಲಿ ಒಂಟಿಯಾಗಿ ಬಿಟ್ಟರೆ ನುಸುಳಲು ಯಾರೂ ಇರುವುದಿಲ್ಲ. ಮದುಮಗಳ ಹೆಸರಿಗೆ ಒಂದು ಇಡೀ ಸಾಲು ಕೊಡಲಾರದ ಪತ್ರಿಕೆ ಯಾಕೆ ಬೇಕು?

ಹೆಸರಿನ ಕೆಳಗಿನ ಸಾಲನ್ನೂ ನೋಡಿಕೊಳ್ಳಿ. ಕನ್ನಡದಲ್ಲಿ ಜಗಳ ಹತ್ತುವುದು ಸಾಲಿನೊಳಗಲ್ಲ, ಎರಡು ಸಾಲುಗಳ ನಡುವೆ. ಮೇಲಿನಿಂದ ಒತ್ತು ಇಳಿಯುತ್ತದೆ, ಕೆಳಗಿನಿಂದ ಗುಡಿಸು, ಏತ್ವಗಳು ಕೈ ಎತ್ತುತ್ತವೆ. ನಾವು ನಡುವೆ ಸೀಸದ ಪಟ್ಟಿ ಕೊಟ್ಟು ಬಿಡಿಸುತ್ತಿದ್ದೆವು. 14 ಪಾಯಿಂಟಿನ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 22 ಪಾಯಿಂಟಾದರೂ ಬಿಡಿ. ಇಂಗ್ಲಿಷಿನ ಅಳತೆ ಇಲ್ಲಿ ನಡೆಯುವುದಿಲ್ಲ.

ಚಿನ್ನದ ಅಕ್ಷರದ ಬಗ್ಗೆ ನಿಮ್ಮ ತಂದೆಯವರಿಗೆ ಇದೊಂದನ್ನು ಓದಿ ಹೇಳಿ. ದ ಮತ್ತು ಧ, ಬ ಮತ್ತು ಭ, ಇವುಗಳ ನಡುವಿನ ಅಂತರ ಏನು? ಹೊಟ್ಟೆಯಡಿಯಲ್ಲಿ ಒಂದು ಸೀಳು, ಅಷ್ಟೆ. ಬಿಸಿ ಅಚ್ಚಿನಲ್ಲಿ ಹೊನ್ನಿನ ಹಾಳೆ ಒತ್ತುವಾಗ, ಅದರಲ್ಲೂ ತರಿತರಿ ಕಾಗದದ ಮೇಲೆ, ಸಣ್ಣ ಅಕ್ಷರದ ಸೀಳು ತುಂಬಿಕೊಳ್ಳುತ್ತದೆ. ಆಗ ‘ಶುಭವಿವಾಹ’ ಹೋಗಿ ‘ಶುಬವಿವಾಹ’, ‘ವಧು’ ಹೋಗಿ ‘ವದು’. ಹೀಗಾದ ಐನೂರು ಪತ್ರಿಕೆಯನ್ನು ಒಬ್ಬ ಮಾಸ್ತರರು ನಮ್ಮ ಮಾಲೀಕರ ಮೇಜಿನ ಮೇಲೆ ಸುರಿದು ಹೋದದ್ದನ್ನು ಕಂಡಿದ್ದೇನೆ. ಹೊನ್ನು ಬೇಕೇ ಬೇಕೆಂದರೆ ಗಣಪತಿಗೆ ಮತ್ತು ನಿಮ್ಮಿಬ್ಬರ ಹೆಸರಿಗೆ, 30 ಪಾಯಿಂಟಿನ ಮೇಲೆ. ಉಳಿದದ್ದಕ್ಕೆ ಶಾಯಿ.

ಕನ್ನಡ ಅಂಕಿಯನ್ನು ದಿನಾಂಕಕ್ಕೆ ಧಾರಾಳವಾಗಿ ಹಾಕಿ, ಪಕ್ಕದಲ್ಲಿ ವಾರ ಬರೆಯಿರಿ. ೬ ಮತ್ತು ೯ ಹತ್ತಿರದ ನೆಂಟರು, ವಾರ ಇದ್ದರೆ ತಪ್ಪುವುದಿಲ್ಲ. ಮುಹೂರ್ತದ ವೇಳೆ ಮತ್ತು ಫೋನ್ ಸಂಖ್ಯೆಗೆ ಮಾತ್ರ ರೂಢಿಯ 1, 2, 3 ಇರಲಿ.

ಮತ್ತೆ ಕರಡು ತಿದ್ದುವುದನ್ನು ಒಬ್ಬರೇ ಮಾಡಬೇಡಿ. ಒಬ್ಬರು ಕೈಬರಹದ ಪ್ರತಿ ಹಿಡಿದು ಕೂರಬೇಕು, ಇನ್ನೊಬ್ಬರು ಅಚ್ಚಾದ ಕರಡನ್ನು ಕೊನೆಯ ಪದದಿಂದ ಹಿಂದಕ್ಕೆ ಓದುತ್ತ ಬರಬೇಕು. ಮುಂದಿನಿಂದ ಓದಿದರೆ ನಾಲಿಗೆ ತಾನಾಗಿಯೇ ಸರಿಪಡಿಸಿಕೊಂಡು ಓಡುತ್ತದೆ.

ಸರಳಜೀವಿ

ಇಷ್ಟೆಲ್ಲ ಯಾಕೆ? ಒಂದು ಚಿತ್ರ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡಿ. ಕಾಗದದ ಪತ್ರಿಕೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಮದುವೆ ಮುಗಿದ ಮಾರನೆಯ ದಿನ ಅದರ ಮೇಲೆ ಹಲ್ಲಿ ಓಡಾಡುತ್ತಿರುತ್ತದೆ.

ಬೆಳದಿಂಗಳು (ಸಾಗರ)

ಸರಳಜೀವಿಯವರೇ, ನಮ್ಮ ದೊಡ್ಡಪ್ಪನ ಮನೆಗೆ ನೆಟ್‌ವರ್ಕ್ ಬರುವುದು ತೋಟದ ಮೇಲಿನ ದಿಬ್ಬದಲ್ಲಿ ಮಾತ್ರ. ಇದ್ದಿದ್ದರೂ ಅಷ್ಟೇ. ಮನೆಗೆ ಹೋಗಿ, ಮಣೆಯ ಮೇಲೆ ಕುಳಿತು, ಅಕ್ಷತೆಯೊಂದಿಗೆ ಪತ್ರಿಕೆ ಕೈಗಿಡದಿದ್ದರೆ ಅವರು ಮದುವೆಗೆ ಬರುವುದಿಲ್ಲ. ಬಾರದೆ ಇರುವುದು ಬೇರೆ ಮಾತು, ಇನ್ನು ಹತ್ತು ವರ್ಷ ಅದನ್ನು ಹೇಳುತ್ತಲೂ ಇರುತ್ತಾರೆ.

ಅಕ್ಷರದಂಗಡಿ

ನಾನು ಜಿಲ್ಲಾ ನ್ಯಾಯಾಲಯದ ಎದುರು ಡಿಟಿಪಿ ಅಂಗಡಿ ನಡೆಸುತ್ತೇನೆ. ಬೆಳಿಗ್ಗೆ ಪ್ರಮಾಣಪತ್ರ, ಸಂಜೆ ಲಗ್ನಪತ್ರಿಕೆ. ಅಂಗಡಿಯವರು "ಕನ್ನಡಕ್ಕೆ ಇದೊಂದೇ" ಎಂದದ್ದು ಸೋಮಾರಿತನದಿಂದ ಮಾತ್ರವಲ್ಲ, ಅದರ ಹಿಂದೆ ಒಂದು ಕಾರಣವಿದೆ. ಹೇಳುತ್ತೇನೆ, ಏಕೆಂದರೆ ನೀವು ಮುದ್ರಣಕ್ಕೆ ಕೊಡುವಾಗ ಇದೇ ಗುಂಡಿಗೆ ಬೀಳುತ್ತೀರಿ.

ನಮ್ಮಂಥ ಬಹಳಷ್ಟು ಅಂಗಡಿಗಳಲ್ಲಿ ಪುಟ ಜೋಡಿಸಲು ಇಂದಿಗೂ ಹಳೆಯ ಪೇಜ್‌ಮೇಕರ್, ಹಳೆಯ ಕೋರಲ್‌ಡ್ರಾ. ಅವುಗಳಿಗೆ ಯೂನಿಕೋಡ್ (ಈಗ ಮೊಬೈಲು, ಗಣಕಗಳೆಲ್ಲ ಬಳಸುವ ಅಕ್ಷರ ಸಂಕೇತ) ಕನ್ನಡ ಬರುವುದಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತದ ಫಾಂಟುಗಳಲ್ಲೇ ಕೆಲಸ. ಅಲ್ಲಿ ಅಕ್ಷರದ ತುಂಡುಗಳು ಇಂಗ್ಲಿಷ್ ಕೀಲಿಗಳ ಜಾಗದಲ್ಲಿ ಕುಳಿತಿರುತ್ತವೆ. ನೀವು ಹೇಳಿದ ನೋಟೊ, ಟೈರೊ, ಅನೇಕ್ ಎಲ್ಲ ಯೂನಿಕೋಡ್. ನೀವು ಮೊಬೈಲಿನಲ್ಲಿ ಬೆರಳಚ್ಚಿಸಿ ಕಳಿಸಿದ ಒಕ್ಕಣೆಯನ್ನು ನಾವು ಪರಿವರ್ತಕಕ್ಕೆ ಹಾಕಿ ಹಳೆಯ ಸಂಕೇತಕ್ಕೆ ಇಳಿಸುತ್ತೇವೆ. ‘ಜ್ಯೋತ್ನ್ಸಾ’ ಹುಟ್ಟುವುದು ಬಹುಶಃ ಇಂಥ ಕಡೆಯೇ. ಒತ್ತುಗಳ ಸರದಿ ಅದಲುಬದಲಾಗುತ್ತದೆ, ಅರ್ಕಾವತ್ತು ಒಂದು ಅಕ್ಷರ ಆಚೆ ಹಾರುತ್ತದೆ. ನಾವು ನೂರು ಕೆಲಸದ ನಡುವೆ ಗಮನಿಸುವುದಿಲ್ಲ.

ಆದ್ದರಿಂದ ಒಕ್ಕಣೆಯನ್ನು ಯಾರಿಗೂ ಕೊಡಬೇಡಿ. ಪತ್ರಿಕೆಯನ್ನು ನೀವೇ ಸಿದ್ಧಪಡಿಸಿ ಪಿಡಿಎಫ್ ಮಾತ್ರ ಕೊಡಿ. ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಉಚಿತ, ಅದರಲ್ಲಿ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ. ಇನ್‌ಡಿಸೈನ್ ಬಳಸುವವರಾದರೆ ಅನುಚ್ಛೇದದ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದೆ ಒತ್ತುಗಳು ಕೂರುವುದಿಲ್ಲ. ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ. ಆಮೇಲೆ ಮುದ್ರಣಾಲಯದ ಯಾವ ಗಣಕವೂ ಅವನ್ನು ಕದಲಿಸಲಾರದು. ತಿದ್ದಬಹುದಾದ ಮೂಲ ಕಡತ ಬೇರೆ ಇರಲಿ. ಅದನ್ನು ಮರೆತು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವ ಗಿರಾಕಿಗಳು ನನಗೆ ವಾರಕ್ಕೊಬ್ಬರು ಸಿಗುತ್ತಾರೆ.

ಟೈರೊ ಕನ್ನಡವನ್ನೇ ಆರಿಸುವುದಾದರೆ ಒಂದು ಮಾತು. ಅದರಲ್ಲಿ ನೆಟ್ಟಗಿನದು ಮತ್ತು ಓರೆಯದು ಎರಡೇ ಇವೆ, ದಪ್ಪ ಅಕ್ಷರ ಇಲ್ಲ. ದಪ್ಪದ ಗುಂಡಿ ಒತ್ತಿದರೆ ಕೆಲವು ತಂತ್ರಾಂಶಗಳು ಇದ್ದ ಅಕ್ಷರಕ್ಕೇ ಸುತ್ತ ಮಸಿ ಬಳಿದು ಕೊಡುತ್ತವೆ. ಹೆಸರು ಎದ್ದು ಕಾಣಬೇಕಾದರೆ ದಪ್ಪ ಮಾಡಬೇಡಿ, ದೊಡ್ಡದು ಮಾಡಿ. ಇಂಗ್ಲಿಷಿಗೂ ಬೇರೆ ಹುಡುಕಬೇಕಿಲ್ಲ. ಅದೇ ಫಾಂಟಿನೊಳಗೆ ಲ್ಯಾಟಿನ್ ಅಕ್ಷರಗಳೂ ಇವೆ, ಒಂದೇ ಕೈಯಿಂದ ಬಂದದ್ದರಿಂದ ಹೊಂದುತ್ತವೆ. ಆದರೆ ಎರಡನ್ನೂ ಒಂದೇ ಮುಖದಲ್ಲಿ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನ ದೊಡ್ಡಕ್ಷರಗಳು ನೆಟ್ಟಗೆ ಗೋಡೆ ಕಟ್ಟಿದಂತೆ ನಿಲ್ಲುತ್ತವೆ, ಕನ್ನಡ ಅವುಗಳ ಪಕ್ಕದಲ್ಲಿ ಕುಳ್ಳಗೆ ಕಾಣುತ್ತದೆ.

ತ್ಸ್ನಾ ಇನ್ನೂ ಒಪ್ಪದಿದ್ದರೆ ಅದೊಂದನ್ನು ಕೈಯಾರೆ ಕೂರಿಸಿ. ಹೆಸರನ್ನು ಗೆರೆಗಳಾಗಿ ಮಾಡಿದ ಮೇಲೆ ಎರಡೂ ಒತ್ತುಗಳು ಬಿಡಿ ತುಂಡುಗಳಾಗಿ ಕೈಗೆ ಸಿಗುತ್ತವೆ. ಸ-ಒತ್ತನ್ನು ತುಸು ಎಡಕ್ಕೆ ಎಳೆದುಕೊಂಡು ನ-ಒತ್ತಿಗೆ ಜಾಗ ಮಾಡಿ. ಕುಗ್ಗಿಸಲೇಬೇಕಾದರೆ ಕುಗ್ಗಿಸಿ. ಆದರೆ ಕುಗ್ಗಿಸಿದೊಡನೆ ಅದರ ಗೆರೆಯೂ ಸಣಕಲಾಗುತ್ತದೆ, ಮೈತುಂಬಿದ ‘ತಾ’ದ ಕೆಳಗೆ ಬಡಪಾಯಿಯಂತೆ ಕಾಣುತ್ತದೆ. ಕುಗ್ಗಿಸಿದ ತುಂಡಿಗೆ ಅದೇ ಬಣ್ಣದ ತೆಳುವಾದ ಅಂಚು ಸೇರಿಸಿ ಮೇಲಿನ ಗೆರೆಯ ದಪ್ಪಕ್ಕೆ ತನ್ನಿ. ಅರ್ಧ ಗಂಟೆಯ ಕೆಲಸ. ಬಾರದಿದ್ದರೆ ಕಡತ ಕಳಿಸಿ, ಮಾಡಿಕೊಡುತ್ತೇನೆ. ಹಣ ಬೇಡ, ಮದುವೆಯ ದಿನ ನ್ಯಾಯಾಲಯಕ್ಕೆ ರಜೆ.

ರಮ್ಯ (ರಮ ಅಲ್ಲ)

ಕಳೆದ ಡಿಸೆಂಬರಿನಲ್ಲಿ ನನ್ನ ಮದುವೆಯಾಯಿತು. ಅಕ್ಷರದ ಬಗ್ಗೆ ಮೇಲಿನವರು ಹೇಳಿಯಾಯಿತು, ನಾನು ಪೆಟ್ಟು ತಿಂದ ಮೂರು ಕಡೆ ಮಾತ್ರ ಹೇಳುತ್ತೇನೆ.

ಪತ್ರಿಕೆಗೆ ನಯವಾದ ಲ್ಯಾಮಿನೇಶನ್ ಮಾಡಿಸಿದ್ದೆ. ಮುಟ್ಟಿದರೆ ರೇಷ್ಮೆ. ಮನೆಗೆ ತಂದ ದಿನ ಅತ್ತೆಯವರು ನಾಲ್ಕು ಮೂಲೆಗೂ ಅರಿಶಿನ ಹಚ್ಚಲು ಕುಳಿತರು. ಪ್ಲಾಸ್ಟಿಕ್ಕಿನ ಮೇಲೆ ಅರಿಶಿನ ಹಿಡಿಯಬೇಕಲ್ಲ! ಒದ್ದೆಯಿದ್ದಾಗ ಜಾರಿತು, ಒಣಗಿದ ಮೇಲೆ ಹಕ್ಕಳೆಯಾಗಿ ಉದುರಿತು. 350 ಪತ್ರಿಕೆ. ಕೊನೆಗೆ ಲಕೋಟೆಗೆ ಹಚ್ಚಿದೆವು, ಅತ್ತೆಯವರ ಮುಖ ಮಾತ್ರ ಸಂಜೆಯವರೆಗೂ ಸರಿಹೋಗಲಿಲ್ಲ. ಕಾಗದ ಕೊಳ್ಳುವ ಮೊದಲು ಒಂದು ತುಂಡು ಕೇಳಿ ತಂದು ಮನೆಯಲ್ಲಿ ಅರಿಶಿನ ಹಚ್ಚಿ ನೋಡಿ. ನಿಮ್ಮ ಕೆನೆಬಣ್ಣದ ಕಾಗದಕ್ಕೆ ಲ್ಯಾಮಿನೇಶನ್ ಬೇಡವೇ ಬೇಡ.

ಎರಡನೆಯದು ತೂಕ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ) ಕಾಗದದಲ್ಲಿ ಎ5 ಅಳತೆಯ ಒಂದು ಹಾಳೆ ಒಂಬತ್ತು ಗ್ರಾಂ ಚಿಲ್ಲರೆ ತೂಗುತ್ತದೆ. ನಾನು ಎರಡು ಹಾಳೆ, ಒಂದು ದಪ್ಪ ಲಕೋಟೆ, ಮೇಲೊಂದು ದಾರ ಕಟ್ಟಿದೆ. ಅಂಚೆಯಲ್ಲಿ 5 ರೂಪಾಯಿಗೆ ಹೋಗುವುದು 20 ಗ್ರಾಂವರೆಗೆ. ನಾನು 5 ರೂಪಾಯಿ ಚೀಟಿ ಅಂಟಿಸಿ ಹಾಕಿದ ಕಡೆಯೆಲ್ಲ ನೆಂಟರು ದಂಡ ತೆತ್ತು ಪತ್ರಿಕೆ ಬಿಡಿಸಿಕೊಂಡರು. ಇನ್ನೂ ಆಡಿಕೊಳ್ಳುತ್ತಾರೆ.

ಮೂರನೆಯದು ಇಲ್ಲಿ ನಾನಿಟ್ಟುಕೊಂಡ ಹೆಸರಿನ ಕಥೆ. ಆರತಕ್ಷತೆಯ ವೇದಿಕೆಯ ಹಿಂದೆ ಥರ್ಮಾಕೋಲಿನಲ್ಲಿ ಹೆಸರು ಕತ್ತರಿಸಿ ಅಂಟಿಸಿದ್ದರು. ಪತ್ರಿಕೆಯಲ್ಲಿದ್ದ ಅಕ್ಷರದಲ್ಲೇ ಬೇಕೆಂದು ನಾನೇ ಅಚ್ಚು ಕೊಟ್ಟಿದ್ದೆ. ಚೆಂದವಾಗಿಯೇ ಮಾಡಿದ್ದರು. ಎಂಟು ಗಂಟೆಯ ಹೊತ್ತಿಗೆ ಫ್ಯಾನಿನ ಗಾಳಿಗೆ ಯ-ಒತ್ತು ಕಳಚಿ ಸೋಫಾದ ಹಿಂದೆ ಬಿತ್ತು. ಯಾರೂ ನೋಡಲಿಲ್ಲ. ಆಲ್ಬಮ್ಮಿನ ಅರ್ಧಕ್ಕಿಂತ ಹೆಚ್ಚು ಫೋಟೊಗಳಲ್ಲಿ ನನ್ನ ಯಜಮಾನರು ‘ರಮ’ ಎಂಬವಳನ್ನು ಮದುವೆಯಾಗಿ ನಗುತ್ತಿದ್ದಾರೆ. ನಿಮಗಾದರೆ ಉದುರಲು ಮೂರು ಒತ್ತುಗಳಿವೆ, ಜೋಪಾನ.

ಬೆಳದಿಂಗಳು (ಸಾಗರ)

ಹನ್ನೊಂದು ದಿನ ಮಾತಾಡದಿದ್ದುದಕ್ಕೆ ಕ್ಷಮಿಸಿ. ಪತ್ರಿಕೆ ಅಚ್ಚಾಯಿತು. ನಿನ್ನೆ ಸಂಜೆ 400 ಪ್ರತಿ ಮನೆಗೆ ಬಂದವು.

ಅಕ್ಷರ ಟೈರೊ ಕನ್ನಡವೇ. ಆರಿಸಿದ್ದು ಮಾತ್ರ ಎಕ್ಸೆಲ್ ಹಾಳೆಯಲ್ಲ. ಬಾವಿಗೆ ಇಳಿಯುವವನ್ನು ಕಿತ್ತ ಮೇಲೆ ಬೀರುವಿನಲ್ಲಿ ಆರು ಉಳಿದವು, ಆರನ್ನೂ ನಿಜವಾದ ಅಳತೆಯಲ್ಲಿ ಮುದ್ರಿಸಿ ಸಂಜೆ ಅಪ್ಪನ ಕೈಗೆ ಕೊಟ್ಟೆ, ಜಗಲಿಯ ಮಂದ ಬೆಳಕಿನಲ್ಲಿ. ಅವರು ಕನ್ನಡಕಕ್ಕಾಗಿ ತಡಕಾಡಿದರು. ಕೊಡಲಿಲ್ಲ. ತೋಳು ಚಾಚಿ, ದೂರ ಹಿಡಿದು, ಒಂದೊಂದನ್ನೂ ಓದಿದರು. ನಾಲ್ಕರಲ್ಲಿ ಛತ್ರದ ಹೆಸರಿಗೆ ಬಂದಾಗ ತಡವರಿಸಿದರು. ಎರಡರಲ್ಲಿ ನಿಲ್ಲದೆ ಕೊನೆಯವರೆಗೂ ಹೋದರು. ಆ ಎರಡರಲ್ಲಿ ನನಗೆ ಇಷ್ಟವಾದದ್ದು ಒಂದಿತ್ತು, ಅಲ್ಲಿಗೆ ಮುಗಿಯಿತು. ಚಿನ್ನದ ಮಾತು ತೆಗೆದಾಗ ಗದಗದ ಕಾಕಾ ಅವರ (ಧಾರವಾಡದ ಸೊಸೆಯಾಗುವವಳು, ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತೇನೆ) ‘ಶುಬವಿವಾಹ’ದ ಕಥೆ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಣಪತಿಗಾದರೂ ಚಿನ್ನ ಇರಲಿ" ಎಂದರು. ಇದೆ. ಗಣಪತಿಯೂ ನಾನು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ದೊಡ್ಡವನಾಗಿದ್ದಾನೆ. ಹೇಗಾದನೋ ಗೊತ್ತಿಲ್ಲ.

ಒತ್ತುಗಳನ್ನು ಕೈಯಾರೆ ಕೂರಿಸಲು ನಾನೇ ಹೋಗಿ ಎರಡು ಗಂಟೆ ಹೆಣಗಿ, ಕೊನೆಗೆ ಅಕ್ಷರದಂಗಡಿಯವರಿಗೆ ಕಡತ ಕಳಿಸಿದೆ. ಅವರು ಸ-ಒತ್ತನ್ನು ಕೂದಲೆಳೆಯಷ್ಟು ಎಡಕ್ಕೆ ತಂದು, ನ-ಒತ್ತಿನ ಕೊಂಡಿಯನ್ನು ದೀರ್ಘದ ನೇರಕ್ಕೆ ಸರಿಯಾಗಿ ನಿಲ್ಲಿಸಿ ಕಳಿಸಿದ್ದಾರೆ. ನೋಡಿದವರಿಗೆ ಏನೂ ಮಾಡಿದಂತೆ ಕಾಣುವುದಿಲ್ಲ. ಸರ್, ನೀವು ಮದುವೆಗೆ ಬರಲೇಬೇಕು. ರಜೆ ಇದೆ ಎಂದು ನೀವೇ ಹೇಳಿದ್ದೀರಿ.

ಕರಡನ್ನು ಹಿಂದಿನಿಂದ ಮುಂದಕ್ಕೆ ಓದಿದ್ದೇ ನಮ್ಮನ್ನು ಉಳಿಸಿದ್ದು. ನಾನು, ಕಾರ್ತಿಕ್, ಅವರ ಅಕ್ಕ, ನನ್ನ ಇಬ್ಬರು ಗೆಳತಿಯರು ಸೇರಿ ಕಡಿಮೆಯೆಂದರೆ ನಲವತ್ತು ಸಲ ನೋಡಿದ್ದೆವು, ಎಲ್ಲರ ಕಣ್ಣೂ ತ್ಸ್ನಾ ಮೇಲೆಯೇ. ಅಪ್ಪ ಕೈಬರಹ ಹಿಡಿದು ಕುಳಿತರು, ನಾನು ಕೊನೆಯಿಂದ ಒಂದೊಂದೇ ಪದ ಹೇಳುತ್ತ ಬಂದೆ. ‘ಶನಿವಾರ’ ಎಂದಾಗ ಅಪ್ಪ ತಲೆ ಎತ್ತಿದರು. ಆರತಕ್ಷತೆಯ ಸಾಲನ್ನು ನಕಲು ಮಾಡಿ ಮುಹೂರ್ತದ ಸಾಲಿಗೆ ಹಾಕಿದ್ದೆ, ದಿನಾಂಕ ಬದಲಿಸಿ ವಾರ ಬಿಟ್ಟಿದ್ದೆ. ‘ಏಪ್ರಿಲ್ ೨೬, ಶನಿವಾರ’. ಹತ್ತು ಹೆಸರುಗಳ ಒತ್ತು ಸರಿಯಿತ್ತು, ಮದುವೆಯ ದಿನವೇ ತಪ್ಪಿತ್ತು. ‘ಪರಾಭವ’ ಮಾತ್ರ ಎಲ್ಲರಂತೆ 14 ಪಾಯಿಂಟಿನಲ್ಲಿ ಸರಿಯಾಗಿ ಕುಳಿತಿದೆ.

ಒಂದೇ ಹಾಳೆ, ಮುಂದೆ ಕನ್ನಡ, ಹಿಂದೆ ಇಂಗ್ಲಿಷ್. ಲಕೋಟೆ ಸೇರಿ ಅಡುಗೆಮನೆಯ ತಕ್ಕಡಿಯಲ್ಲಿ 16 ಗ್ರಾಂ. ಅರಿಶಿನ ಚೆನ್ನಾಗಿ ಹಿಡಿದಿದೆ, ಮೂಲೆಗಳಲ್ಲಿ ಸ್ವಲ್ಪ ಹೆಚ್ಚೇ ಹರಡಿದೆ. ಮೊದಲ ಪತ್ರಿಕೆಯನ್ನು ಅಪ್ಪ ಇವತ್ತು ಬೆಳಿಗ್ಗೆ ಸಿಗಂದೂರಿಗೆ ಒಯ್ದರು. ಈಗ ಸೇತುವೆಯಾಗಿದೆಯಲ್ಲ, ಲಾಂಚಿಗೆ ಕಾಯುವ ಕೆಲಸವಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು.

ರಮ್ಯ ಅವರೇ, ವೇದಿಕೆಯವರೊಂದಿಗೂ ಮಾತಾಡಿದೆ. ಒತ್ತುಗಳು ಬಿಡಿಯಾಗಿರಬಾರದು, ಮೇಲಿನ ಅಕ್ಷರಕ್ಕೆ ತಾಗಿಕೊಂಡು ಒಂದೇ ತುಂಡಾಗಿ ಕತ್ತರಿಸಬೇಕು ಎಂದು ಅಚ್ಚು ಕೊಟ್ಟಿದ್ದೇನೆ. ಅವರದು ಅಕ್ಷರಕ್ಕೆ ಇಷ್ಟು ಎಂದು ದರ. ನನ್ನ ಹೆಸರಿನಲ್ಲಿ ಎರಡೇ ಅಕ್ಷರ ಎಂದರೆ ಒಪ್ಪುತ್ತಿಲ್ಲ. ‘ತ್ಸ್ನಾ’ ಒಂದನ್ನೇ ಮೂರು ಎಂದು ಎಣಿಸಿದ್ದಾರೆ. ಚೌಕಾಸಿ ನಡೆಯುತ್ತಿದೆ.